ನಕ್ಷತ್ರವಿಲ್ಲದ ಮಳೆ

ಹಿಮ ಸುರಿಯುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಊರಿಗೆ ಊರೇ ಹವಾಮಾನ ವಾರ್ತೆಗೆ ಕಿವಿಗೊಟ್ಟು ಕೂರುತ್ತದೆ. ನಾಳೆ ಶಾಲೆ ಉಂಟೋ ಇಲ್ಲವೋ, ಹೆದ್ದಾರಿ ತೆರೆದಿರುವುದೋ ಮುಚ್ಚುವುದೋ, ಮನೆಯಲ್ಲಿ ಎಷ್ಟು ದಿನದ ದಿನಸಿ ಇರಬೇಕು, ಎಲ್ಲವೂ ಆ ಎರಡು ನಿಮಿಷದ ಮಾತಿನ ಮೇಲೆ ನಿಂತಿರುತ್ತದೆ. ನಮಗೆ ಅಂಥ ಹಿಮದ ಕಾಟವಿಲ್ಲ. ಹಾಗೆಂದು ನಮ್ಮ ಚಳಿಗಾಲಕ್ಕೆ ಬಿರುಗಾಳಿಯ ಭಯವಿಲ್ಲ ಎನ್ನುವಂತಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ನೀವು ಒಮ್ಮೆ ಮೈಸೂರಿನಿಂದ ಹಂಪಾಪುರದ ಮೇಲೆ ಹಾದು ಹೆಗ್ಗಡದೇವನಕೋಟೆಯ ಕಡೆಗೆ ಹೋಗಿ ನೋಡಬೇಕು. ರಸ್ತೆಯ ಎರಡೂ ಬದಿಗೆ ರಾಗಿ ಹೊಲ ಬಲಿತು ನಿಂತಿರುತ್ತದೆ. ಕೆಲವು ಹೊಲಗಳಲ್ಲಿ ಕೊಯ್ಲು ಮುಗಿದು, ಕೊಯ್ದ ರಾಗಿ ಸಾಲುಸಾಲಾಗಿ ನೆಲದ ಮೇಲೆ ಒಣಗುತ್ತಿರುತ್ತದೆ. ಹತ್ತಿ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿರುತ್ತಾರೆ. ಇಂಥ ಹೊತ್ತಿನಲ್ಲಿ ಮೂಡಣ ದಿಕ್ಕಿನಲ್ಲಿ ಮೋಡ ಕವಿದು ತಣ್ಣನೆಯ ಗಾಳಿ ಬೀಸಿತೆಂದರೆ ಹೊಲದಲ್ಲಿದ್ದವರ ಮಾತು ನಿಲ್ಲುತ್ತದೆ.

ಯಾಕೆ ಎಂಬುದನ್ನು ಪಟ್ಟಣದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿಯನ್ನು ಕೊಯ್ದ ಮೇಲೆ ಮೂರು ನಾಲ್ಕು ದಿನ ಬಿಸಿಲು ಬೇಕು. ಆಮೇಲೆ ಕಟ್ಟು ಕಟ್ಟಿ, ಹೊತ್ತು ತಂದು, ಮೆದೆ ಹಾಕಬೇಕು. ಮೆದೆ ಒಮ್ಮೆ ಸರಿಯಾಗಿ ನಿಂತಿತೆಂದರೆ ಮಳೆಗೆ ಅಷ್ಟಾಗಿ ಅಂಜಬೇಕಿಲ್ಲ. ಬಿಡುವಾದಾಗ ಕಣ ಮಾಡಿ ಒಕ್ಕಣೆ ಮಾಡಿದರಾಯಿತು. ಕಂಟಕವಿರುವುದು ಕೊಯ್ಲಿಗೂ ಮೆದೆಗೂ ನಡುವಿನ ಆ ಮೂರು ನಾಲ್ಕು ದಿನಗಳಲ್ಲಿ. ಆಗ ಜಡಿ ಹಿಡಿದರೆ ನೆಲದ ಮೇಲಿನ ತೆನೆ ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಿಟ್ಟು ದನಗಳೂ ಮೂಸದಂತಾಗುತ್ತದೆ. ಕೊಯ್ಯದೆ ಬಿಟ್ಟರೂ ಕ್ಷೇಮವಿಲ್ಲ. ಬಲಿತ ಪೈರು ಗಾಳಿಮಳೆಗೆ ಮಲಗಿಬಿಡುತ್ತದೆ. ಹೀಗಾಗಿ ಕೊಯ್ಯಲೋ ಬೇಡವೋ ಎಂಬ ಒಂದೇ ಪ್ರಶ್ನೆಯಲ್ಲಿ ಮನೆಯ ವರ್ಷದ ಮುದ್ದೆಯೂ ಕೊಟ್ಟಿಗೆಯ ಮೇವೂ ಸಿಕ್ಕಿಕೊಂಡಿರುತ್ತವೆ. ಯಂತ್ರದಿಂದ ಕೊಯ್ದು ಅಲ್ಲೇ ಕಾಳು ಮಾಡುವವರು ಈಗ ಹೆಚ್ಚಿದ್ದಾರೆ, ನಿಜ. ಆದರೆ ಆ ಯಂತ್ರವೂ ಹಸಿ ಹೊಲಕ್ಕೆ ಇಳಿಯಲಾರದು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಹವಾಮಾನ ಮುನ್ಸೂಚನೆ. ಅದು ಕೋಟೆಯ ಹೊಲದವರೆಗೆ ಬಂದ ದಾರಿ ಬಹಳ ದೂರದ್ದು. ಆ ದಾರಿಯ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮವರ ಲೆಕ್ಕ ನೋಡೋಣ. ಮಳೆಗೆ ನಕ್ಷತ್ರದ ಹೆಸರಿಟ್ಟು ಕರೆಯುವುದು ನಿಮಗೆ ತಿಳಿದೇ ಇದೆ. ಸೂರ್ಯನು ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಷ್ಟು ದಿನ ಬಿದ್ದ ಮಳೆ ಆ ನಕ್ಷತ್ರದ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ, ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎಂಬ ಗಾದೆ, ಇವೆಲ್ಲ ಬರಿಯ ಮಾತಿನ ಚಂದಕ್ಕೆ ಹುಟ್ಟಿದವಲ್ಲ. ಏಪ್ರಿಲ್ ಕೊನೆಯ ಹದ ಮಳೆ ಉಳುಮೆಗೆ ಬೇಕು, ಆಗಸ್ಟ್ ನಡುವಿನ ಮಳೆ ಪೈರಿಗೆ ಬೇಕು ಎಂಬ ಅನುಭವವನ್ನು ಓದು ಬರಹ ಬಾರದವನೂ ನೆನಪಿಡುವಂತೆ ಕಟ್ಟಿದ ಮಾತುಗಳು ಅವು. ವಿಜ್ಞಾನ ಓದಿದವನಾದ್ದರಿಂದ ಇಲ್ಲೊಂದು ಮಾತು ಸೇರಿಸುತ್ತೇನೆ. ನಕ್ಷತ್ರದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೊಡ್ಡದು. ಹಾಗಾಗಿ ಪ್ರತಿ 72 ವರ್ಷಕ್ಕೆ ಸರಿಸುಮಾರು ಒಂದು ದಿನದಂತೆ ನಕ್ಷತ್ರದ ಪಟ್ಟಿ ಋತುವಿನಿಂದ ಹಿಂದೆ ಸರಿಯುತ್ತದೆ. ಒಂದೂವರೆ ಸಾವಿರ ವರ್ಷಕ್ಕೆ ಇಪ್ಪತ್ತು ದಿನದ ವ್ಯತ್ಯಾಸ! ಆದರೂ ಗಾದೆಗಳು ಹೊಂದುತ್ತಿವೆಯೆಂದರೆ ಜನ ಅವನ್ನು ಸದ್ದಿಲ್ಲದೆ ತಿದ್ದಿಕೊಂಡೇ ಬಂದಿರಬೇಕು ಎಂದು ನನ್ನ ಊಹೆ.

ಈ ಪಟ್ಟಿ ಅಶ್ವಿನಿಯಿಂದ ಶುರುವಾಗಿ ಚಿತ್ತ, ಸ್ವಾತಿ, ವಿಶಾಖಗಳ ಹೊತ್ತಿಗೆ ತೆಳುವಾಗುತ್ತ ಬರುತ್ತದೆ. ವಿಶಾಖ ಮುಗಿಯುವುದು ನವೆಂಬರ್ ಮೂರನೆಯ ವಾರಕ್ಕೆ. ಅದರಾಚೆಗೆ ಮಳೆಯ ಲೆಕ್ಕ ಇಟ್ಟುಕೊಂಡವರು ಕಡಮೆ. ಕೊಯ್ಲಿನ ಕಾಲಕ್ಕೆ ಬರುವ ಮಳೆಯನ್ನು ಯಾರೂ ಬೇಡಿದವರಲ್ಲ. ಬೇಡದ್ದಕ್ಕೆ ಗಾದೆ ಕಟ್ಟುವವರು ಯಾರು? ಹಿಂದೆ ಅದನ್ನು ಸುಮ್ಮನೆ ಜಡಿ ಎಂದರು. ಈಗ ಕೋಟೆಯ ಯಾವ ಹಳ್ಳಿಯಲ್ಲಾದರೂ ಕೇಳಿ, ‘ಸೈಕ್ಲೋನ್ ಹಿಡ್ಕಂಡದೆ’ ಎನ್ನುತ್ತಾರೆ. ನಕ್ಷತ್ರವಿಲ್ಲದ ಮಳೆಗೆ ಕಲ್ಕತ್ತೆಯಲ್ಲಿ ಹುಟ್ಟಿದ ಹೆಸರು ಬಂದು ಕೂತಿದೆ.

ಕಲ್ಕತ್ತೆ ಎಂದದ್ದು ತಮಾಷೆಗಲ್ಲ. ಸೈಕ್ಲೋನ್ ಎಂಬ ಪದವನ್ನು ಟಂಕಿಸಿದವನು ಅಲ್ಲಿ ನೆಲೆಸಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಹಿಂದಿನ ಹಡಗಿನ ನಾವಿಕ. ಬಂಗಾಳ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿಗಳನ್ನು ಒಟ್ಟುಗೂಡಿಸಿ, ಗಾಳಿಯು ಸುರುಳಿ ಸುತ್ತಿದ ಹಾವಿನಂತೆ ತಿರುಗುತ್ತದೆಂದು ತೋರಿಸಿ, 1840ರ ದಶಕದಲ್ಲಿ ಗ್ರೀಕ್ ಮೂಲದಿಂದ ಈ ಪದ ಮಾಡಿದ. ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಡಿ, ಒಂದು ದಿನ ಸಮುದ್ರ ಉಕ್ಕಿ ನುಂಗುತ್ತದೆ ಎಂದು 1853ರಲ್ಲಿ ಸರ್ಕಾರಕ್ಕೆ ಬರೆದು ಎಚ್ಚರಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾನಿಂಗ್ ಬಂದರು ಎದ್ದಿತು. 1867ರ ಬಿರುಗಾಳಿಗೆ ಹಾಳಾಯಿತು. ಪಿಡಿಂಗ್ಟನ್ ಅಷ್ಟರಲ್ಲಿ ತೀರಿಕೊಂಡಿದ್ದ.

ಆ ಕಾಲದಲ್ಲಿ ಮುನ್ಸೂಚನೆ ಎಂಬುದೆಲ್ಲ ಹಡಗಿಗಾಗಿ ಇದ್ದದ್ದು. ಇಂಗ್ಲೆಂಡಿನಲ್ಲಿ ರಾಬರ್ಟ್ ಫಿಟ್ಸ್‌ರಾಯ್, ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕಪ್ತಾನ, 1861ರ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಮುನ್ಸೂಚನೆ ಪ್ರಕಟಿಸಿದ. ಅದಕ್ಕೆ ಪ್ರೇರಣೆ 1859ರಲ್ಲಿ ‘ರಾಯಲ್ ಚಾರ್ಟರ್’ ಹಡಗು ಬಿರುಗಾಳಿಗೆ ಸಿಕ್ಕಿ ನೂರಾರು ಜನ ಸತ್ತದ್ದು. ನಮ್ಮಲ್ಲಿ 1864ರ ಅಕ್ಟೋಬರ್‌ನ ಚಂಡಮಾರುತ ಕಲ್ಕತ್ತೆಯ ಸುತ್ತ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷವೇ ಕಲ್ಕತ್ತೆಯ ಬಂದರಿಗೆ ಬಿರುಗಾಳಿ ಸೂಚನೆ ಕೊಡುವ ಏರ್ಪಾಡಾಯಿತು. ಕಂಬಕ್ಕೆ ಸಂಕೇತ ಏರಿಸಿದರೆ ಹಡಗಿನವರು ಲಂಗರು ಕೀಳುತ್ತಿರಲಿಲ್ಲ. ಆದರೆ ಅದೇ ಗಾಳಿ ದಡ ಹತ್ತಿ ಒಳನಾಡಿನ ಕಣಗಳ ಮೇಲೆ ಸುರಿಯುವುದನ್ನು ರೈತನಿಗೆ ಹೇಳುವ ಕಂಬ ಎಲ್ಲಿಯೂ ಇರಲಿಲ್ಲ.

ಒಳನಾಡಿನ ಕಡೆಗೆ ಸರ್ಕಾರದ ಕಣ್ಣು ತಿರುಗಿದ್ದು ಬರದಿಂದ. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಸ್ಥ. ಮರುವರ್ಷವೇ ಮಳೆ ಕೈಕೊಟ್ಟು, ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುವ ಮಹಾಕ್ಷಾಮ ಬಂತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಸ್ವಲ್ಪ ಕಡಮೆ. ಎಂಟೂ ಮುಕ್ಕಾಲು ಲಕ್ಷದಷ್ಟು ಕುಸಿತ. ಮುಂದಿನ ಮುಂಗಾರು ಹೇಗಿರುತ್ತದೆಂದು ಮೊದಲೇ ಹೇಳು ಎಂದು ಸರ್ಕಾರ ಬ್ಲಾನ್‌ಫರ್ಡನನ್ನು ಕೇಳಿತು. ಆತ ನೋಡಿದ್ದು ಎಲ್ಲಿಗೆ? ಹಿಮಾಲಯಕ್ಕೆ. ಅಲ್ಲಿ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಹಿಮ ಅತಿಯಾಗಿ ಬಿದ್ದ ವರ್ಷ ಬಯಲಿನಲ್ಲಿ ಮುಂಗಾರು ಸೊರಗುವ ಸಂಭವ ಹೆಚ್ಚೆಂದು 1884ರಲ್ಲಿ ಬರೆದ. 1886ರಿಂದ ಪ್ರತಿವರ್ಷ ಮುಂಗಾರಿನ ಮುನ್ಸೂಚನೆ ಹೊರಬರತೊಡಗಿತು. ಹಿಮವನ್ನು ಕಾಣದ ನಮ್ಮ ರಾಗಿ ಸೀಮೆಯ ಹಣೆಬರಹವನ್ನು ಹಿಮದಲ್ಲಿ ಓದುವ ಪ್ರಯತ್ನ ಹೀಗೆ ಶುರುವಾಯಿತು. ಆ ಎಳೆ ಕಡಿದಿಲ್ಲ. ಹವಾಮಾನ ಇಲಾಖೆ 1988ರಲ್ಲಿ ರೂಪಿಸಿದ 16 ಅಂಶಗಳ ಸೂತ್ರದಲ್ಲಿಯೂ ಹಿಮಾಲಯದ ಹಿಮಕ್ಕೊಂದು ಸ್ಥಾನವಿತ್ತು.

ಚಳಿಗಾಲವನ್ನು ನೋಡಿ ಮಳೆಗಾಲವನ್ನು ಹೇಳುವುದು ನಮಗೆ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಮಾರ್ಗಶಿರದಿಂದ ಮುಂದಕ್ಕೆ ಮೋಡ, ಗಾಳಿ, ಮಂಜುಗಳನ್ನು ಗಮನಿಸಬೇಕೆನ್ನುತ್ತಾನೆ. ಅಂದು ಮೋಡ ಗರ್ಭ ಕಟ್ಟಿದರೆ 195 ದಿನಗಳ ಮೇಲೆ ಮಳೆಯಾಗಿ ಹೆರುತ್ತದಂತೆ! ಈ ಲೆಕ್ಕ ಇಂದಿನ ವಿಜ್ಞಾನದ ಒರೆಗೆ ನಿಲ್ಲುವುದಿಲ್ಲ. ಆದರೆ ಆರು ತಿಂಗಳ ಹಿಂದಿನ ಆಕಾಶಕ್ಕೂ ಇಂದಿನ ಮಳೆಗೂ ಸಂಬಂಧವಿರಬಹುದು, ಅದನ್ನು ದಿನ ಎಣಿಸಿ ಪರೀಕ್ಷಿಸಬಹುದು ಎಂಬ ಯೋಚನೆ ಸಾಮಾನ್ಯವಾದುದಲ್ಲ.

ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ವೀಕ್ಷಣಾಲಯಗಳು ಕೆಲಸ ಮಾಡತೊಡಗಿದವು. ಇವುಗಳ ಹೊಣೆ ಹೊತ್ತವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್. ಮಳೆಮಾಪಕಗಳ ಅಂಕಿಗಳು ವರ್ಷ ವರ್ಷವೂ ಅಚ್ಚಾದವು. ಆಗ ಅಳತೆ ಇಂಚು, ಸೆಂಟುಗಳಲ್ಲಿ. ಕೋಟೆ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಮಿಲಿಮೀಟರ್ ತಿರುಗುವುದಿಲ್ಲ. ‘ಎರಡಿಂಚು ಹುಯ್ದದೆ’ ಎಂದೇ ಹೇಳುತ್ತಾರೆ. ಆದರೆ ಮಾಪಕ ಹೇಳುವುದು ನಿನ್ನೆಯ ಮಾತನ್ನು. ರೈತನಿಗೆ ಬೇಕಾದದ್ದು ನಾಳೆಯದು.

ಆ ನಾಳೆಯ ಮಾತು ಹಳ್ಳಿಗೆ ತಲುಪಲು ತಂತಿಯಿಲ್ಲದ ಸಾಧನ ಬೇಕಾಯಿತು. 1935ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರ ಆರಂಭಿಸಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ನಾವೆಲ್ಲ ಹೆಮ್ಮೆಪಡುವ ಸಂಗತಿ. ಹವಾಮಾನ ಇಲಾಖೆ ರೈತರಿಗೆಂದೇ ಪ್ರತ್ಯೇಕ ಹವಾಮಾನ ವಾರ್ತೆ ಸಿದ್ಧಪಡಿಸಿ ದೇಶದ ರೇಡಿಯೋ ಕೇಂದ್ರಗಳಿಗೆ ಕೊಡಲು ಶುರುಮಾಡಿದ್ದು 1945ರಲ್ಲಿ. ಲೆಕ್ಕ ಹಾಕಿ: ಕಲ್ಕತ್ತೆಯ ಹಡಗಿಗೆ ಎಚ್ಚರಿಕೆ ಸಿಕ್ಕಿ ಎಂಬತ್ತು ವರ್ಷಗಳಾದ ಮೇಲೆ ರೈತನ ಸರದಿ ಬಂತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ಆಕಾಶವಾಣಿ ಬಂದದ್ದು 1974ರಲ್ಲಿ, ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದ ವರ್ಷವೇ.

ಆ ಅಣೆಕಟ್ಟಿನಿಂದಾಗಿ ಕೋಟೆಯವರ ಕಣ್ಣು ಎರಡು ದಿಕ್ಕಿಗಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ನೋಡುವುದು ಪಡುವಣಕ್ಕೆ. ವಯನಾಡಿನಲ್ಲಿ ಸುರಿದದ್ದು ಇಲ್ಲಿ ನದಿಯಾಗಿ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟು ನಂಜನಗೂಡಿನವರೆಗೆ ದಡದ ಊರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಅಕ್ಟೋಬರ್ ಕಳೆಯಿತೆಂದರೆ ಪಡುವಣದ ಬಾಗಿಲು ಮುಚ್ಚಿ ಮೂಡಣದ ಬಾಗಿಲು ತೆರೆಯುತ್ತದೆ. ಈಗ ಗಾಳಿ ಬಂಗಾಳ ಕೊಲ್ಲಿಯಿಂದ. ಅಲ್ಲಿ ವಾಯುಭಾರ ಕುಸಿದು ತಮಿಳುನಾಡಿನ ಕರಾವಳಿ ಹತ್ತಿದ್ದು, ನೇರ ಪಡುವಣಕ್ಕೆ ನಡೆದರೆ, ಮೈಸೂರು ಪ್ರಸ್ಥಭೂಮಿಯನ್ನು ಏರಿ ಕೋಟೆಯ ಮೇಲೆಯೇ ಹಾಯುತ್ತದೆ. ಭೂಪಟ ತೆರೆದು ನೋಡಿ. ಪುದುಚೇರಿಯೂ ಹೆಗ್ಗಡದೇವನಕೋಟೆಯೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿವೆ, 12 ಡಿಗ್ರಿಯ ಆಸುಪಾಸಿನಲ್ಲಿ. ನಡುವಿನ ಅಂತರ ಹಕ್ಕಿಯ ಹಾದಿಯಲ್ಲಿ ಸುಮಾರು 380 ಕಿಲೋಮೀಟರ್.

ಇನ್ನು ನಮ್ಮ ಮಾಧ್ಯಮದ ಮಾತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು. 1983ರ ಆಗಸ್ಟ್ ಕೊನೆಯಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದ ವಿಶೇಷವೆಂದರೆ, ದೂರದರ್ಶನದ ಕಾರ್ಯಕ್ರಮಗಳನ್ನು ಊರೂರಿಗೆ ಮುಟ್ಟಿಸುವ ಯಂತ್ರವೂ ಮೋಡಗಳ ಚಿತ್ರ ತೆಗೆಯುವ ಕ್ಯಾಮೆರಾವೂ ಅದರೊಳಗೆ ಒಟ್ಟಿಗಿದ್ದವು. ವಾರ್ತೆಯ ಕೊನೆಗೆ ಕಾಣುತ್ತಿದ್ದ ಆ ಕಪ್ಪು ಬಿಳುಪು ಚಿತ್ರ ನನ್ನಂಥ ಎಂಬತ್ತರ ದಶಕದ ಮಕ್ಕಳಿಗೆ ಒಂದು ಬೆರಗು. ಭೂಪಟದ ಗೆರೆಗಳ ಮೇಲೆ ಹತ್ತಿಯಂತೆ ಹರಡಿದ ಮೋಡ. ಕೊಲ್ಲಿಯಲ್ಲಿ ಸುರುಳಿ ಸುತ್ತಿದ ಬಿಳಿ ಮುದ್ದೆ. ಪಿಡಿಂಗ್ಟನ್ ಹಡಗಿನ ದಿನಚರಿಗಳಿಂದ ಊಹಿಸಿದ ಹಾವಿನ ಸುರುಳಿಯನ್ನು ಹಳ್ಳಿಯ ಪಡಸಾಲೆಯಲ್ಲಿ ಕೂತವರು ಕಣ್ಣಾರೆ ಕಂಡರು.

ಚಿತ್ರ ಬಂತು. ಆದರೆ ಅದರ ಜೊತೆಗೆ ಓದುತ್ತಿದ್ದ ಮಾತು ಮಾತ್ರ ಹಡಗಿನ ಕಾಲದ್ದೇ ಆಗಿ ಉಳಿಯಿತೆಂದು ನನ್ನ ಅನಿಸಿಕೆ. ಒಮ್ಮೆ ಚಿತ್ರೀಕರಣಕ್ಕೆಂದು ಅಂತರಸಂತೆಯ ಕಡೆ ಹೋಗಿದ್ದಾಗ ರಾಗಿ ಕಟ್ಟು ಕಟ್ಟುತ್ತಿದ್ದ ಹಿರಿಯರೊಬ್ಬರನ್ನು, ‘ಯಜಮಾನ್ರೇ, ಹವಾಮಾನ ವಾರ್ತೆ ನೋಡ್ತೀರಾ?’ ಎಂದು ಕೇಳಿದೆ. ‘ನೋಡ್ತೀನಿ ಸಾ. ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆ ಅಂತೀರಿ. ಆ ಒಂದೆರಡರೊಳಗೆ ನಮ್ಮೂರು ಅದಾ, ಇಲ್ವಾ? ಅದೊಂದು ಹೇಳಿಬುಟ್ರೆ ಸಾಕು’ ಎಂದರು.

ಈ ‘ಒಂದೆರಡು ಕಡೆ’ ಎಂಬುದಕ್ಕೆ ಇಲಾಖೆಯಲ್ಲಿ ಖಚಿತವಾದ ಅರ್ಥವಿದೆ. ನಾವು ಅದನ್ನು ವೀಕ್ಷಕರಿಗೆ ಬಿಡಿಸಿ ಹೇಳುವುದಿಲ್ಲ, ಅಷ್ಟೇ. ಒಂದು ಹವಾಮಾನ ವಿಭಾಗದಲ್ಲಿರುವ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆಯಾಗುವ ಹಾಗಿದ್ದರೆ ‘ಒಂದೆರಡು ಕಡೆ’. ಅರ್ಧದವರೆಗೆ ‘ಕೆಲವು ಕಡೆ’. ಮುಕ್ಕಾಲರವರೆಗೆ ‘ಹಲವು ಕಡೆ’. ಅದನ್ನೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಹಾಗೆಯೇ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗೆ ಕಡಮೆಯಿಲ್ಲದ ಮಳೆ, ಅಂದರೆ ಎರಡೂವರೆ ಇಂಚು. ‘ಅತಿ ಭಾರಿ’ ಎನ್ನಲು ಅದು 115.6 ಮಿಲಿಮೀಟರ್ ಆದರೂ ಇರಬೇಕು. ಕೊಯ್ದ ರಾಗಿಯ ಸಂಗತಿಯೇ ಬೇರೆ. ಇಲಾಖೆಯ ಪಟ್ಟಿಯಲ್ಲಿ ‘ಹಗುರ’ ಎನಿಸಿಕೊಳ್ಳುವ ತುಂತುರು ಮೂರು ದಿನ ಬಿಡದೆ ಹಿಡಿದರೂ ರಾಗಿ ಹಾಳು. ಹಡಗಿಗೆ ಗಾಳಿಯ ವೇಗ ಮುಖ್ಯ, ಅಣೆಕಟ್ಟಿಗೆ ಮಳೆಯ ಪ್ರಮಾಣ ಮುಖ್ಯ. ಕಣದವನಿಗೆ ಬೇಕಾದದ್ದು ಬಿಸಿಲಿನ ದಿನಗಳ ಎಣಿಕೆ.

ಆ ಕಡೆಗೆ ಕೆಲಸ ನಡೆದಿಲ್ಲವೆಂದಲ್ಲ. ಕರ್ನಾಟಕ ಸರ್ಕಾರ 1988ರಲ್ಲಿ ಸ್ಥಾಪಿಸಿದ ಬರ ನಿರ್ವಹಣಾ ಕೋಶ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಹೋಬಳಿಗೊಂದು, ಆಮೇಲೆ ಗ್ರಾಮ ಪಂಚಾಯಿತಿಗೊಂದು ಎಂಬಂತೆ ತಾನಾಗಿಯೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿತು. ಫೋನ್ ಮಾಡಿ ಕೇಳಿದವರಿಗೆ ಅವರವರ ಊರಿನ ಮುನ್ಸೂಚನೆ ಹೇಳುವ ‘ವರುಣ ಮಿತ್ರ’ ಸಹಾಯವಾಣಿ ತೆರೆಯಿತು. ಅಂತರಸಂತೆಯ ಯಜಮಾನರ ಪ್ರಶ್ನೆಗೆ ಇದು ನೇರವಾದ ಉತ್ತರ. ಒಂದೇ ತಾಲ್ಲೂಕಿನೊಳಗೆ ಬಾವಲಿಯ ಕಾಡಂಚಿಗೆ ಬೀಳುವ ಮಳೆಯೇ ಬೇರೆ, ಹಂಪಾಪುರದ ಬಯಲಿಗೆ ಬೀಳುವುದೇ ಬೇರೆ; ಈಗ ಬೇರೆ ತಾಲ್ಲೂಕಾಗಿರುವ ಸರಗೂರಿನದು ಮತ್ತೊಂದು ಬಗೆ. ಇಡೀ ಒಳನಾಡಿಗೆ ಒಂದೇ ಮಾತು ಹೇಳಿದರೆ ಸಾಲದು. ಮೈಸೂರಿನ ಹತ್ತಿರ ನಾಗನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೃಷಿ ಹವಾಮಾನ ಘಟಕವಿದ್ದು, ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನಗಳ ಸೂಚನೆಯೊಂದಿಗೆ ಯಾವ ಬೆಳೆಗೆ ಏನು ಮಾಡಬೇಕೆಂಬ ಸಲಹೆ ಕೊಡುತ್ತದೆ. ಐದು ದಿನ! ರಾಗಿ ಕೊಯ್ದು ಮೆದೆ ಹಾಕಲು ಬೇಕಾದಷ್ಟೇ ಕಾಲ. ಚಂಡಮಾರುತದ ಜಾಡು ಹೇಳುವುದರಲ್ಲಿಯೂ ಬಹಳ ಸುಧಾರಣೆಯಾಗಿದೆ. 2000ರ ದಶಕದ ನಡುವಿನಲ್ಲಿ 24 ಗಂಟೆ ಮೊದಲು ಹೇಳಿದ ಜಾಗಕ್ಕೂ ನಿಜವಾದ ಜಾಗಕ್ಕೂ ಸರಾಸರಿ 140 ಕಿಲೋಮೀಟರ್ ವ್ಯತ್ಯಾಸವಿರುತ್ತಿತ್ತು. ಈಚಿನ ವರ್ಷಗಳಲ್ಲಿ ಅದು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದೆ.

ಆದರೂ ಬಂಗಾಳ ಕೊಲ್ಲಿ ಯಾರ ಲೆಕ್ಕಕ್ಕೂ ಪೂರ್ತಿ ಸಿಕ್ಕುವುದಿಲ್ಲ. 2024ರ ನವೆಂಬರ್‌ನ ‘ಫೆಂಗಲ್’ ಚಂಡಮಾರುತವನ್ನೇ ನೋಡಿ. ಈ ಹೆಸರು ಸೌದಿ ಅರೇಬಿಯಾ ಕೊಟ್ಟದ್ದು. 2004ರಿಂದ ಈ ಸಮುದ್ರಗಳ ಚಂಡಮಾರುತಗಳಿಗೆ ಸುತ್ತಲಿನ ದೇಶಗಳು ಕೊಟ್ಟ ಪಟ್ಟಿಯಿಂದ ಹೆಸರಿಡುತ್ತಾರೆ. ಮೊದಲು ಅದು ಚಂಡಮಾರುತವಾಗುತ್ತದೆಂದರು, ಆಮೇಲೆ ಆಗಲಾರದು ಎಂದರು, 29ರ ಮಧ್ಯಾಹ್ನ ಅದು ಆಗಿಯೇ ಬಿಟ್ಟಿತು. 30ರ ರಾತ್ರಿ ಪುದುಚೇರಿಯ ಬಳಿ ದಡ ಹತ್ತಿ, ಮುಂದೆ ನಡೆಯದೆ ಅಲ್ಲಿಯೇ ಗಂಟೆಗಟ್ಟಲೆ ಕೂತಿತು. ಆ ಒಂದೇ ದಿನದಲ್ಲಿ ಪುದುಚೇರಿಗೆ 40 ಸೆಂಟಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ಆಮೇಲೆ ಬಲಗುಂದಿ, ಮೆಲ್ಲಗೆ ಪಡುವಣಕ್ಕೆ ಹೊರಟು, ನಮ್ಮ ಮೈಸೂರು, ಚಾಮರಾಜನಗರಗಳ ಕಡೆಗೂ ಜಡಿ ತಂದಿತು.

ಅದು ಅನುರಾಧ ನಕ್ಷತ್ರ ಮುಗಿಯುವ ಹೊತ್ತು. ಕೊಯ್ಲು ಮುಂದಕ್ಕೆ ಹಾಕಿದ್ದವರು ಪೈರು ಮಲಗದಿರಲೆಂದು ಬೇಡಿಕೊಂಡರು. ಅವಸರದಲ್ಲಿ ಮೆದೆ ಹಾಕಿದ್ದವರು ಟಾರ್ಪಾಲು ಬಿಗಿದು ಕಾದರು. ಸಾಲಿನಲ್ಲಿ ಹರಡಿದ್ದವರಿಗೆ ಮಾತ್ರ ಮಾಡಲು ಏನೂ ಉಳಿದಿರಲಿಲ್ಲ. ಡಿಸೆಂಬರ್ 3ರ ಹೊತ್ತಿಗೆ ಫೆಂಗಲ್‌ನ ಶೇಷ ಉತ್ತರ ಕೇರಳ ಮತ್ತು ಕರ್ನಾಟಕದ ಕರಾವಳಿ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಬಿಸಿಲು ಬಿದ್ದ ಮೇಲೆ ಅವರು ನೆಲಕ್ಕಂಟಿದ ರಾಗಿಯನ್ನು ಮಗುಚಿ ಹಾಕಿ, ಮೊಳಕೆ ಬಂದದ್ದನ್ನು ಬೇರೆ ಮಾಡಲು ಹೊಲಕ್ಕೆ ಹೋದರು.